ಅಟ್ಟೂರು–ಯಲಹಂಕ ಭಾಗದ ಕಾಲೇಜು ಫುಟ್‌ಬಾಲ್

ಅಟ್ಟೂರು–ಯಲಹಂಕ ಭಾಗದ ಕಾಲೇಜು ಫುಟ್‌ಬಾಲ್ ಎಂದರೆ ಬೆಂಗಳೂರು ನಗರದ ಉತ್ತರದ ಅಂಚಿನಲ್ಲಿರುವ ಪದವಿ ಮತ್ತು ತಾಂತ್ರಿಕ ಕಾಲೇಜುಗಳ ಪುರುಷ ಹಾಗೂ ಮಹಿಳಾ ತಂಡಗಳು ಅಂತರ ಕಾಲೇಜು ಪಂದ್ಯಾವಳಿಗಳಿಗಾಗಿ ಆಡುವ ಕಾಲ್ಚೆಂಡಾಟ. ಈ ಲೇಖನವು ಯಾವುದೇ ಒಂದು ಕಾಲೇಜಿನ ತಂಡದ ಇತಿಹಾಸವಲ್ಲ. ಈ ಭಾಗದ ಸಣ್ಣ ಕಾಲೇಜೊಂದರಲ್ಲಿ ಪುರುಷರ ತಂಡ ಹೇಗೆ ಉಳಿದುಕೊಳ್ಳುತ್ತದೆ, ಮಹಿಳೆಯರ ತಂಡ ಏಕೆ ಪ್ರತಿವರ್ಷ ಹೊಸದಾಗಿ ಹುಟ್ಟಿ ಕೆಲವೇ ದಿನಗಳಲ್ಲಿ ಚದುರಿಹೋಗುತ್ತದೆ ಎಂಬುದನ್ನು ಇದು ಪರಿಶೀಲಿಸುತ್ತದೆ. ವಿದ್ಯಾರ್ಥಿನಿಯರಿಗೆ ಆಸಕ್ತಿಯಿಲ್ಲ, ಕಾಲೇಜುಗಳಿಗೆ ಮೈದಾನವಿಲ್ಲ ಎಂಬ ಎರಡು ಕಾರಣಗಳನ್ನು ಸಾಮಾನ್ಯವಾಗಿ ಮುಂದಿಡಲಾಗುತ್ತದೆ. ಇವೆರಡರಲ್ಲಿಯೂ ಸತ್ಯಾಂಶವಿದೆ. ಆದರೆ ಇವಕ್ಕಿಂತ ಪ್ರಬಲವಾದ ಕಾರಣವೊಂದು ಪಂದ್ಯಾವಳಿಯ ರಚನೆಯಲ್ಲಿಯೇ ಅಡಗಿದೆ: ವರ್ಷಕ್ಕೆ ಒಂದೇ ಪಂದ್ಯ ಆಡಬೇಕಾದ ತಂಡಕ್ಕೆ ವರ್ಷವಿಡೀ ಅಭ್ಯಾಸ ಮಾಡುವ ಅಗತ್ಯ ಬೀಳುವುದಿಲ್ಲ.

ಪ್ರದೇಶ ಮತ್ತು ಸಂಸ್ಥೆಗಳು

ಅಟ್ಟೂರು ಯಲಹಂಕ ಉಪನಗರಕ್ಕೆ ಹೊಂದಿಕೊಂಡಿರುವ ಹಳೆಯ ಗ್ರಾಮ. ಇಂದು ಇದು ಕೆರೆಯ ಸುತ್ತ ಬೆಳೆದಿರುವ ಬಡಾವಣೆಗಳ ಸಮೂಹ. ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಕಾಲದಲ್ಲಿ ಅಟ್ಟೂರು ಹೆಸರಿನದೇ ವಾರ್ಡ್ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ನಗರದ ಆಡಳಿತವನ್ನು ಐದು ಪಾಲಿಕೆಗಳಾಗಿ ವಿಂಗಡಿಸಿದ ನಂತರ ಯಲಹಂಕ ಭಾಗವು ಬೆಂಗಳೂರು ಉತ್ತರ ನಗರ ಪಾಲಿಕೆಯ ವ್ಯಾಪ್ತಿಗೆ ಬಂದಿತು. ಸುತ್ತಮುತ್ತ ರೈಲು ಗಾಲಿ ಕಾರ್ಖಾನೆ, ವಾಯುಪಡೆಯ ನೆಲೆ, ಕೇಂದ್ರೀಯ ಮೀಸಲು ಪೊಲೀಸ್ ಪಡೆಯ ಆವರಣಗಳಿವೆ. ಇಂತಹ ಸಂಸ್ಥೆಗಳ ವಸತಿಗೃಹಗಳ ನಡುವೆ ಒಂದಾದರೂ ಮೈದಾನ ಇರುತ್ತದೆ. ಖಾಸಗಿ ಬಡಾವಣೆಗಳ ಮಕ್ಕಳಿಗೆ ಆ ಭಾಗ್ಯ ಕಡಿಮೆ.

ದೊಡ್ಡಬಳ್ಳಾಪುರ ರಸ್ತೆ ಮತ್ತು ಅದರ ಆಸುಪಾಸಿನಲ್ಲಿ ಕಳೆದ ಕಾಲು ಶತಮಾನದಲ್ಲಿ ಹಲವು ಉನ್ನತ ಶಿಕ್ಷಣ ಸಂಸ್ಥೆಗಳು ತಲೆಯೆತ್ತಿವೆ. 2001ರಲ್ಲಿ ನಿಟ್ಟೆ ಮೀನಾಕ್ಷಿ ತಾಂತ್ರಿಕ ವಿದ್ಯಾಲಯ, 2002ರಲ್ಲಿ ಅವಲಹಳ್ಳಿಯ ಬಿ.ಎಂ.ಎಸ್. ತಾಂತ್ರಿಕ ಮತ್ತು ನಿರ್ವಹಣಾ ವಿದ್ಯಾಲಯ, 2008ರಲ್ಲಿ ರಾಜಾನುಕುಂಟೆಯ ಸಾಯಿ ವಿದ್ಯಾ ತಾಂತ್ರಿಕ ವಿದ್ಯಾಲಯ ಸ್ಥಾಪನೆಯಾದವು. ಕಟ್ಟಿಗೇನಹಳ್ಳಿಯಲ್ಲಿ ರೇವಾ ವಿಶ್ವವಿದ್ಯಾಲಯ, ಇಟಗಲ್‌ಪುರದಲ್ಲಿ ಪ್ರೆಸಿಡೆನ್ಸಿ ವಿಶ್ವವಿದ್ಯಾಲಯ ಇವೆ. ಉಪನಗರದ ಶೇಷಾದ್ರಿಪುರಂ ಪ್ರಥಮ ದರ್ಜೆ ಕಾಲೇಜಿನಂತಹ ಪದವಿ ಕಾಲೇಜುಗಳೂ ಇಲ್ಲಿವೆ. ಇವು ಗಾತ್ರದಲ್ಲಿ ಸಮಾನವಲ್ಲ. ವಿಶ್ವವಿದ್ಯಾಲಯವೊಂದಕ್ಕೆ ಸಾವಿರಾರು ವಿದ್ಯಾರ್ಥಿಗಳ ನಡುವಿನಿಂದ ತಂಡ ಆರಿಸುವ ಅವಕಾಶವಿದ್ದರೆ, ಆರೇಳು ನೂರು ವಿದ್ಯಾರ್ಥಿಗಳ ಕಾಲೇಜು ಅದೇ ಹನ್ನೊಂದು ಮಂದಿಗಾಗಿ ತರಗತಿಯಿಂದ ತರಗತಿಗೆ ಅಲೆಯಬೇಕಾಗುತ್ತದೆ. ಈ ಲೇಖನದ ಕಾಳಜಿ ಮುಖ್ಯವಾಗಿ ಎರಡನೆಯ ಬಗೆಯ ಕಾಲೇಜಿನದು.

ಬೆಂಗಳೂರಿನ ಕಾಲ್ಚೆಂಡಾಟದ ಹಿನ್ನೆಲೆ

ಬೆಂಗಳೂರಿನಲ್ಲಿ ಈ ಆಟ ಬೇರುಬಿಟ್ಟಿದ್ದು ಕಾಲೇಜುಗಳಲ್ಲಿ ಅಲ್ಲ, ದಂಡು ಪ್ರದೇಶದಲ್ಲಿ. ಆಸ್ಟಿನ್ ಟೌನ್, ಗೌತಮಪುರ, ಮರ್ಫಿ ಟೌನ್, ಶಿವಾಜಿನಗರಗಳ ಬೀದಿಗಳಲ್ಲಿ ಬೆಳೆದ ಆಟಗಾರರು ಸೈನಿಕ ತಂಡಗಳೊಡನೆ ಸೆಣಸುತ್ತಲೇ ಆಟ ಕಲಿತರು. ಬೆಂಗಳೂರು ಮುಸ್ಲಿಮ್ಸ್ ತಂಡ 1937 ಮತ್ತು 1938ರಲ್ಲಿ ಮುಂಬಯಿಯ ರೋವರ್ಸ್ ಕಪ್ ಗೆದ್ದಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಏಕೈಕ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಅದೇ ತಂಡದ ಅಹ್ಮದ್ ಖಾನ್ ಕೂಡ ಇಲ್ಲಿಯವರೇ. ಮೈಸೂರು ತಂಡ 1946–47, 1952–53, 1967–68 ಮತ್ತು 1968–69ರಲ್ಲಿ ಸಂತೋಷ್ ಟ್ರೋಫಿಯನ್ನು ಗೆದ್ದಿತು. ಅನಂತರ 54 ವರ್ಷಗಳ ಕಾಲ ಆ ಪ್ರಶಸ್ತಿ ರಾಜ್ಯಕ್ಕೆ ಒಲಿಯಲಿಲ್ಲ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3–2 ಗೋಲುಗಳಿಂದ ಸೋಲಿಸಿ ಕರ್ನಾಟಕ ಮತ್ತೆ ಅದನ್ನು ತನ್ನದಾಗಿಸಿಕೊಂಡಿತು.

ಸ್ವಾತಂತ್ರ್ಯಾನಂತರ ಆಟಗಾರರನ್ನು ಸಲಹಿದ್ದು ಸಾರ್ವಜನಿಕ ಉದ್ದಿಮೆಗಳು. ಐ.ಟಿ.ಐ. ತಂಡ 1977ರ ಮೊದಲ ಫೆಡರೇಷನ್ ಕಪ್ ಗೆದ್ದರೆ, ಎಚ್.ಎ.ಎಲ್. ತಂಡ ರಾಷ್ಟ್ರೀಯ ಲೀಗಿನಲ್ಲಿ ದೀರ್ಘಕಾಲ ನಗರವನ್ನು ಪ್ರತಿನಿಧಿಸಿತು. ಕಾರ್ಖಾನೆಯ ಕೆಲಸ ಆಟಗಾರನಿಗೆ ಸಂಬಳ, ಬೆಳಗಿನ ಅಭ್ಯಾಸ, ವಾರಾಂತ್ಯದ ಪಂದ್ಯ ಮೂರನ್ನೂ ಒದಗಿಸುತ್ತಿತ್ತು. ಆ ವ್ಯವಸ್ಥೆ ಕ್ಷೀಣಿಸಿದ ಮೇಲೆ ಆ ಸ್ಥಾನವನ್ನು ವೃತ್ತಿಪರ ಕ್ಲಬ್‌ಗಳು ತುಂಬಿದವು. 2013ರಲ್ಲಿ ಸ್ಥಾಪನೆಯಾದ ಬೆಂಗಳೂರು ಎಫ್.ಸಿ. ತನ್ನ ಮೊದಲ ಋತುವಿನಲ್ಲೇ ಐ-ಲೀಗ್ ಗೆದ್ದಿತು. ಈ ಎರಡೂ ಘಟ್ಟಗಳಲ್ಲಿ ಕಾಲೇಜುಗಳ ಪಾತ್ರ ಗೌಣ. ನಗರದ ಲೀಗಿನಲ್ಲಿ ಸ್ಟೂಡೆಂಟ್ಸ್ ಯೂನಿಯನ್ ಎಂಬ ಹೆಸರಿನ ಹಳೆಯ ಕ್ಲಬ್ ಒಂದಿದೆಯಾದರೂ ವಿದ್ಯಾರ್ಥಿಗಳ ತಂಡಗಳು ತಮ್ಮ ತಮ್ಮಲ್ಲೇ ವಾರವಾರ ಆಡುವ ಲೀಗ್ ಈ ನಗರದಲ್ಲಿ ಬೆಳೆಯಲಿಲ್ಲ.

ಅಶೋಕನಗರದಲ್ಲಿರುವ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣವು ಅಟ್ಟೂರಿನಿಂದ ಇಪ್ಪತ್ತು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಹೆಬ್ಬಾಳದ ವಾಹನದಟ್ಟಣೆಯನ್ನು ಬಲ್ಲವರಿಗೆ ಈ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದು ವ್ಯರ್ಥವೆಂದು ಗೊತ್ತು. ಆಟದ ಹಳೆಯ ಕೇಂದ್ರ ನಗರದ ಪೂರ್ವಭಾಗದಲ್ಲಿ ಉಳಿದಿದೆ, ಹೊಸ ಕಾಲೇಜುಗಳು ಉತ್ತರಕ್ಕೆ ಹಬ್ಬಿವೆ. ಎರಡರ ನಡುವೆ ನಿತ್ಯದ ಸಂಪರ್ಕ ಕಡಿಮೆ.

ಪಂದ್ಯಾವಳಿಯ ರಚನೆ

ಕಾಲೇಜು ತಂಡಗಳು ತಾವು ಸಂಯೋಜನೆಗೊಂಡ ವಿಶ್ವವಿದ್ಯಾಲಯದ ಅಂತರ ಕಾಲೇಜು ಪಂದ್ಯಾವಳಿಯಲ್ಲಿ ಆಡುತ್ತವೆ. ತಾಂತ್ರಿಕ ಕಾಲೇಜುಗಳ ಮಟ್ಟಿಗೆ ಇದನ್ನು ನಡೆಸುವುದು 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಸಿಕೊಂಡು ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. ವಲಯಮಟ್ಟದಲ್ಲಿ ಗೆದ್ದ ತಂಡಗಳು ಅಂತರ ವಲಯ ಹಂತಕ್ಕೆ ಹೋಗುತ್ತವೆ. ಅಲ್ಲಿ ಗಮನ ಸೆಳೆದ ಆಟಗಾರರು ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆಯಾಗುತ್ತಾರೆ. ಆ ತಂಡವು ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಆಶ್ರಯದಲ್ಲಿ ನಡೆಯುವ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಯಲ್ಲಿ ಆಡುತ್ತದೆ. ಅದನ್ನೂ ದಾಟಿದವರಿಗೆ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟದ ಬಾಗಿಲು ತೆರೆಯುತ್ತದೆ. ಆ ಕೂಟದ ಎರಡನೆಯ ಆವೃತ್ತಿ 2022ರ ಏಪ್ರಿಲ್–ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲೇ ಜೈನ್ ವಿಶ್ವವಿದ್ಯಾಲಯದ ಆತಿಥ್ಯದಲ್ಲಿ ನಡೆಯಿತು.

ಕಾಗದದ ಮೇಲೆ ಇದು ಸುಂದರವಾದ ಮೆಟ್ಟಿಲು. ಆದರೆ ಮೊದಲ ಮೆಟ್ಟಿಲನ್ನು ಸೋತವನು ಹೊರಬೀಳುವ ಪದ್ಧತಿಯಲ್ಲಿ, ಅಂದರೆ ನಾಕೌಟ್ ಪದ್ಧತಿಯಲ್ಲಿ ನಡೆಸಲಾಗುತ್ತದೆ. ಕಾಲೇಜುಗಳು ಬಹಳ, ಮೈದಾನಗಳು ಕೆಲವೇ, ದಿನಗಳು ಮೂರೋ ನಾಲ್ಕೋ ಇರುವಾಗ ಸಂಘಟಕರಿಗೆ ಬೇರೆ ದಾರಿ ಇರುವುದಿಲ್ಲ. ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಬೇಕು. 32 ತಂಡಗಳು ಸೇರಿದ ನಾಕೌಟ್ ಪಂದ್ಯಾವಳಿ 31 ಪಂದ್ಯಗಳಲ್ಲಿ ಮುಗಿಯುತ್ತದೆ. ಅದರಲ್ಲಿ 16 ತಂಡಗಳು ಒಂದೇ ಪಂದ್ಯ ಆಡಿ ಮನೆಗೆ ಮರಳುತ್ತವೆ. ಎಂಟೇ ತಂಡಗಳಿದ್ದರೆ ಒಟ್ಟು ಏಳು ಪಂದ್ಯಗಳು. ನಾಲ್ಕು ತಂಡಗಳಿಗೆ ತಲಾ ಒಂದು, ಎರಡು ತಂಡಗಳಿಗೆ ತಲಾ ಎರಡು, ಅಂತಿಮ ಘಟ್ಟ ತಲುಪಿದ ಎರಡಕ್ಕೆ ತಲಾ ಮೂರು. ಅಂದರೆ ದುರ್ಬಲವಾದ ತಂಡಕ್ಕೆ, ಯಾವ ತಂಡಕ್ಕೆ ಆಡಿ ಕಲಿಯುವ ಅಗತ್ಯ ಅತಿ ಹೆಚ್ಚೋ ಅದಕ್ಕೆ, ಅತಿ ಕಡಿಮೆ ಆಟ ದೊರೆಯುತ್ತದೆ. ಶಾಲೆಯಲ್ಲಿ ಓದಲು ತಿಣುಕುವ ಮಗುವಿನ ಪುಸ್ತಕವನ್ನು ಮೊದಲ ತಪ್ಪಿಗೇ ಕಸಿದುಕೊಂಡು ಜಾಣ ಮಗುವಿನ ಕೈಗೆ ಕೊಟ್ಟಂತೆ ಇದು.

ಪುರುಷರ ತಂಡಗಳು ಈ ಪದ್ಧತಿಯನ್ನು ಹೇಗೋ ಸಹಿಸಿಕೊಂಡಿವೆ. ಅವರ ಆಟ ಕಾಲೇಜನ್ನು ಅವಲಂಬಿಸಿಲ್ಲ. ಈ ಭಾಗದ ಕಾಲೇಜುಗಳಿಗೆ ಕೇರಳ, ಗೋವಾ ಮತ್ತು ಈಶಾನ್ಯ ರಾಜ್ಯಗಳಿಂದ ಬರುವ ಯುವಕರಲ್ಲಿ ಅನೇಕರು ಊರಿನಲ್ಲಿಯೇ ಆಡಿ ಪಳಗಿದವರು. ಸ್ಥಳೀಯ ಹುಡುಗರು ಬಡಾವಣೆಯ ಕ್ಲಬ್ಬಿನಲ್ಲಿಯೋ, ಬಾಡಿಗೆಯ ಕೃತಕ ಹುಲ್ಲಿನ ಅಂಗಣದಲ್ಲಿಯೋ ವಾರಕ್ಕೆರಡು ಸಂಜೆ ಆಡುತ್ತಾರೆ. ಕಾಲೇಜು ಅವರಿಗೆ ಆಟ ಕಲಿಸುವುದಿಲ್ಲ. ಸಮವಸ್ತ್ರ ಕೊಟ್ಟು ಹೆಸರು ನೋಂದಾಯಿಸುತ್ತದೆ ಅಷ್ಟೇ. ಆದ್ದರಿಂದ ಪಂದ್ಯಾವಳಿಗೆ ಹತ್ತು ದಿನ ಮೊದಲು ತಂಡ ಕಟ್ಟಿದರೂ ಅದು ತಂಡದಂತೆಯೇ ಕಾಣುತ್ತದೆ.

ಮಹಿಳಾ ತಂಡಗಳ ಸ್ಥಿತಿ

ಮಹಿಳೆಯರ ವಿಷಯದಲ್ಲಿ ಈ ಹೊರಗಿನ ಆಸರೆ ಇಲ್ಲ. ಅದಕ್ಕೆ ಕಾರಣವನ್ನು ಕಾಲೇಜಿನಲ್ಲಲ್ಲ, ಪ್ರೌಢಶಾಲೆಯಲ್ಲಿ ಹುಡುಕಬೇಕು. ಕರ್ನಾಟಕದ ಶಾಲಾ ಕ್ರೀಡಾಕೂಟಗಳಲ್ಲಿ ಹೋಬಳಿ ಮತ್ತು ತಾಲ್ಲೂಕು ಹಂತದ ಗುಂಪು ಆಟಗಳೆಂದರೆ ಬಹುಮಟ್ಟಿಗೆ ಕಬಡ್ಡಿ, ಖೋ ಖೋ, ವಾಲಿಬಾಲ್ ಮತ್ತು ಥ್ರೋಬಾಲ್. ಬೆಂಗಳೂರಿನ ಶಾಲೆಗಳಲ್ಲಿ ಹುಡುಗಿಯರ ಆಟವೆಂದರೆ ಥ್ರೋಬಾಲ್ ಎಂಬಷ್ಟು ಅದು ರೂಢಿಯಾಗಿದೆ. ಇದು ಥ್ರೋಬಾಲ್ ಬಗೆಗಿನ ದೂರಲ್ಲ; ಚಿಕ್ಕ ಅಂಗಳ, ಒಂದು ಬಲೆ, ಒಂದು ಚೆಂಡು ಇದ್ದರೆ ಇಡೀ ತರಗತಿ ಆಡಬಹುದಾದ ಆಟ ಅದು. ಅನೇಕ ಶಾಲೆಗಳಲ್ಲಿ ಹೆಣ್ಣುಮಕ್ಕಳಿಗೆ ಮೈದಾನ ಸಿಕ್ಕಿದ್ದೇ ಅದರಿಂದ. ಆದರೆ ಕೈಯಿಂದ ಹಿಡಿದು ಎಸೆಯುವ ಆಟದಲ್ಲಿ ಏಳು ವರ್ಷ ಪಳಗಿದವಳು ಹದಿನೆಂಟನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಚೆಂಡನ್ನು ಕಾಲಿನಿಂದ ನಿಯಂತ್ರಿಸಲು ಹೊರಟಾಗ ಅವಳಿಗೆ ಬೇಕಾದುದು ಸಮಯ. ಅಂತರ ಶಾಲಾ ಫುಟ್‌ಬಾಲಿನ ಪ್ರಮುಖ ರಾಷ್ಟ್ರೀಯ ಪಂದ್ಯಾವಳಿಯಾದ ಸುಬ್ರೊತೊ ಕಪ್ 1960ರಲ್ಲಿ ಆರಂಭವಾಯಿತು. ಅದರಲ್ಲಿ ಬಾಲಕಿಯರ ವಿಭಾಗ ಸೇರಿದ್ದು 2012ರಲ್ಲಿ. ಈ ಅರ್ಧ ಶತಮಾನದ ಅಂತರದ ನೆರಳು ಇಂದಿನ ಕಾಲೇಜು ತಂಡಗಳ ಮೇಲೂ ಇದೆ.

ಹಾಗೆಂದು ಭಾರತದ ಮಹಿಳಾ ಕಾಲ್ಚೆಂಡಾಟ ನಿನ್ನೆ ಮೊನ್ನೆಯದಲ್ಲ. 1975ರಲ್ಲಿ ಭಾರತೀಯ ಮಹಿಳಾ ಫುಟ್‌ಬಾಲ್ ಒಕ್ಕೂಟ ರೂಪುಗೊಂಡು, ಅದೇ ವರ್ಷ ಲಖನೌದಲ್ಲಿ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್ ನಡೆಯಿತು. 1979–80ರಲ್ಲಿ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಮಹಿಳಾ ಚಾಂಪಿಯನ್‌ಷಿಪ್‌ನಲ್ಲಿ ಭಾರತ ಎರಡನೆಯ ಸ್ಥಾನ ಗಳಿಸಿತು. ಆ ತಲೆಮಾರಿನಲ್ಲಿ ಭಾರತಕ್ಕಾಗಿ ಆಡಿದ ಬೆಂಗಳೂರಿನ ಚಿತ್ರಾ ಗಂಗಾಧರನ್ ಅವರ ಹೆಸರು ರಾಜ್ಯದ ಕ್ರೀಡಾ ಇತಿಹಾಸದಲ್ಲಿ ಮುಖ್ಯವಾದುದು. ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ 1921ರಲ್ಲಿ ತನ್ನ ಸದಸ್ಯ ಕ್ಲಬ್‌ಗಳ ಮೈದಾನಗಳಲ್ಲಿ ಮಹಿಳೆಯರು ಆಡುವುದನ್ನು ನಿಷೇಧಿಸಿ, ಆ ನಿಷೇಧವನ್ನು ಸುಮಾರು ಅರ್ಧ ಶತಮಾನ ಮುಂದುವರಿಸಿತು. ಆಟದ ತವರೇ ಎಡವಿದ ಹಾದಿಯಲ್ಲಿ ನಮ್ಮವರು ಮೊದಮೊದಲು ಹಿಂದುಳಿದಿರಲಿಲ್ಲ ಎಂಬುದನ್ನು ಗಮನಿಸಬೇಕು. ಹಿಂದುಳಿದದ್ದು ಅನಂತರದ ದಶಕಗಳಲ್ಲಿ.

ಸಣ್ಣ ಕಾಲೇಜಿನ ಲೆಕ್ಕ ಇನ್ನೂ ಕಠಿಣವಾದುದು. ಕಾಲೇಜಿನಲ್ಲಿ 600 ವಿದ್ಯಾರ್ಥಿಗಳಿದ್ದು, ಅವರಲ್ಲಿ ಅರ್ಧದಷ್ಟು ಹೆಣ್ಣುಮಕ್ಕಳಿದ್ದಾರೆಂದು ಭಾವಿಸೋಣ. ಮೈದಾನದಲ್ಲಿ 11 ಮಂದಿ, ಹೊರಗೆ ಬದಲಿ ಆಟಗಾರ್ತಿಯರು ಸೇರಿ 16ರಿಂದ 18 ಮಂದಿ ಬೇಕು. ಅಂದರೆ ಹೆಚ್ಚುಕಡಿಮೆ ಪ್ರತಿ 17 ವಿದ್ಯಾರ್ಥಿನಿಯರಲ್ಲಿ ಒಬ್ಬಳು ಮುಂದೆ ಬರಬೇಕು. ಅವಳಿಗೆ ಮನೆಯವರ ಅನುಮತಿ ಇರಬೇಕು, ಸಂಜೆ ತಡವಾದರೆ ಕಾಲೇಜು ಬಸ್ಸಿನ ಬದಲು ಬೇರೆ ವಾಹನ ಸಿಗಬೇಕು, ವಿದ್ಯಾರ್ಥಿನಿಲಯದ ಬಾಗಿಲು ಮುಚ್ಚುವ ವೇಳೆಗೆ ಹಿಂದಿರುಗಬೇಕು. ಬ್ಯಾಡ್ಮಿಂಟನ್, ಚದುರಂಗ, ಟೇಬಲ್ ಟೆನಿಸ್‌ಗಳಿಗೆ ಇಬ್ಬರು ಮೂವರು ಸಾಕು. ಕಾಲೇಜಿನ ಗೋಡೆಯ ಮೇಲೆ ಪ್ರಶಸ್ತಿಪತ್ರ ತೂಗುಹಾಕಬೇಕೆಂದರೆ ಅವು ಸುಲಭದ ದಾರಿ. ಹದಿನೆಂಟು ಮಂದಿಯನ್ನು ಕಲೆಹಾಕಿ ಮೊದಲ ಸುತ್ತಿನಲ್ಲಿಯೇ ಸೋಲುವ ತಂಡಕ್ಕೆ ಹಣ ಕೇಳುವ ದೈಹಿಕ ಶಿಕ್ಷಣ ನಿರ್ದೇಶಕರ ಸ್ಥಿತಿ ಸುಲಭದ್ದಲ್ಲ. ಸಣ್ಣ ಕಾಲೇಜಿನಲ್ಲಿ ಸಾಮಾನ್ಯವಾಗಿ ಅವರು ಒಬ್ಬರೇ. ಎಲ್ಲ ಆಟಗಳಿಗೂ, ಎರಡೂ ವಿಭಾಗಗಳಿಗೂ ಅವರೇ ತರಬೇತುದಾರರು.

ಹೀಗಾಗಿ ಮಹಿಳಾ ತಂಡ ಕಟ್ಟುವ ಕಾಲೇಜುಗಳಲ್ಲಿಯೂ ಸಾಮಾನ್ಯವಾಗಿ ನಡೆಯುವುದು ಹೀಗೆ: ಪಂದ್ಯಾವಳಿಯ ಸುತ್ತೋಲೆ ಬಂದ ಮೇಲೆ ಓಟಗಾರ್ತಿಯರನ್ನು, ಕಬಡ್ಡಿ ಮತ್ತು ಥ್ರೋಬಾಲ್ ಆಡುವವರನ್ನು ಒಟ್ಟುಗೂಡಿಸಲಾಗುತ್ತದೆ. ಎಸೆದ ಚೆಂಡನ್ನು ಹಿಡಿಯಲು ಬಲ್ಲವಳು ಗೋಲುಕೀಪರ್ ಆಗುತ್ತಾಳೆ. ಈ ಒಂದು ಸ್ಥಾನಕ್ಕೆ ಮಾತ್ರ ಥ್ರೋಬಾಲ್ ಒಳ್ಳೆಯ ಪೂರ್ವಸಿದ್ಧತೆಯೇ. ಒಂದು ವಾರದ ಅಭ್ಯಾಸ, ಒಂದು ಪಂದ್ಯ, ದೊಡ್ಡ ಅಂತರದ ಸೋಲು. ಮುಂದಿನ ವರ್ಷ ಹೆಸರು ಕೊಡಲು ಅವರಲ್ಲಿ ಅರ್ಧದಷ್ಟು ಮಂದಿ ಹಿಂಜರಿಯುತ್ತಾರೆ. ಅದನ್ನು ನೋಡಿ ಕಾಲೇಜು ‘ಆಸಕ್ತಿ ಇಲ್ಲ’ ಎಂಬ ತೀರ್ಮಾನಕ್ಕೆ ಬರುತ್ತದೆ. ಆಸಕ್ತಿ ಬೆಳೆಯುವುದಕ್ಕೆ ಬೇಕಾದ ಎರಡನೆಯ ಪಂದ್ಯ ಅವರಿಗೆ ಸಿಕ್ಕೇ ಇರಲಿಲ್ಲ ಎಂಬ ಸಂಗತಿ ದಾಖಲೆಯಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ.

ಇದರಿಂದ ಅತಿ ಹೆಚ್ಚು ನಷ್ಟ ಅನುಭವಿಸುವವಳು ಹೊಸದಾಗಿ ಚೆಂಡು ಮುಟ್ಟುವವಳಲ್ಲ. ಶಾಲೆಯಲ್ಲೋ ಕ್ಲಬ್ಬಿನಲ್ಲೋ ಏಳೆಂಟು ವರ್ಷ ನಿಜವಾಗಿ ಫುಟ್‌ಬಾಲ್ ಆಡಿ, ಸಣ್ಣ ಕಾಲೇಜಿಗೆ ಸೇರಿದ ಒಬ್ಬಳೋ ಇಬ್ಬರೋ ಇರುತ್ತಾರೆ. ಉಳಿದ ಹತ್ತು ಮಂದಿ ದೊರೆಯದಿದ್ದರೆ ಅವಳು ವಿಶ್ವವಿದ್ಯಾಲಯದ ಆಯ್ಕೆಗಾರರ ಕಣ್ಣಿಗೂ ಬೀಳುವುದು ಕಷ್ಟ. ಈಜುಗಾರ್ತಿ ಒಬ್ಬಳೇ ಹೋಗಿ ಈಜಬಹುದು; ಮಿಡ್‌ಫೀಲ್ಡರ್ ಒಬ್ಬಳೇ ಹೋಗಿ ಏನನ್ನೂ ತೋರಿಸಲಾರಳು. 2022ರ ಅಕ್ಟೋಬರ್‌ನಲ್ಲಿ ಭಾರತ 17 ವರ್ಷದೊಳಗಿನ ಬಾಲಕಿಯರ ವಿಶ್ವಕಪ್ಪಿಗೆ ಆತಿಥ್ಯ ವಹಿಸಿತು. ಆ ಪಂದ್ಯಗಳನ್ನು ದೂರದರ್ಶನದಲ್ಲಿ ನೋಡಿ ಆಟಕ್ಕಿಳಿದ ಶಾಲಾ ಬಾಲಕಿಯರು ಈಗ ಕಾಲೇಜಿನ ಹೊಸ್ತಿಲಲ್ಲಿದ್ದಾರೆ. ಈ ಪ್ರಶ್ನೆ ಈ ಹೊತ್ತಿನದಾಗಿರುವುದು ಅದರಿಂದಲೇ.

ಮೈದಾನದ ಪ್ರಶ್ನೆ

ಅಂತರರಾಷ್ಟ್ರೀಯ ಪಂದ್ಯಗಳಿಗೆ ಬಳಸುವ ಪ್ರಮಾಣಿತ ಅಂಕಣ 105 ಮೀಟರ್ ಉದ್ದ, 68 ಮೀಟರ್ ಅಗಲವಿರುತ್ತದೆ. ವಿಸ್ತೀರ್ಣ 7,140 ಚದರ ಮೀಟರ್, ಅಂದರೆ ಸುಮಾರು 70 ಗುಂಟೆ. ಸುತ್ತಲೂ ಮೂರು ಮೀಟರ್ ಖಾಲಿ ಜಾಗ ಬಿಟ್ಟರೆ ಎರಡು ಎಕರೆ ಬೇಕು. ಬಡಾವಣೆಯ ಭಾಷೆಯಲ್ಲಿ ಹೇಳುವುದಾದರೆ ಅಂಕಣವೊಂದೇ 30×40 ಅಡಿಯ ಸುಮಾರು 64 ನಿವೇಶನಗಳಿಗೆ ಸಮ. ಅಟ್ಟೂರು ಬಡಾವಣೆಯಲ್ಲಿ 64 ನಿವೇಶನಗಳ ಬೆಲೆ ಎಷ್ಟೆಂಬುದನ್ನು ಊಹಿಸಬಲ್ಲವರಿಗೆ ಕಾಲೇಜುಗಳು ಮೈದಾನದ ಜಾಗದಲ್ಲಿ ಹೊಸ ವಿಭಾಗದ ಕಟ್ಟಡ ಏಕೆ ಕಟ್ಟುತ್ತವೆ ಎಂಬುದನ್ನು ವಿವರಿಸಬೇಕಿಲ್ಲ.

ಆಟದ ನಿಯಮಗಳು ಇದಕ್ಕಿಂತ ಉದಾರವಾಗಿವೆ. ಸಾಮಾನ್ಯ ಪಂದ್ಯಕ್ಕೆ ಉದ್ದ 90ರಿಂದ 120 ಮೀಟರ್, ಅಗಲ 45ರಿಂದ 90 ಮೀಟರ್ ಇರಬಹುದು. ಏಳು ಮಂದಿಯ ಆಟಕ್ಕೆ 60×40 ಮೀಟರ್, ಅಂದರೆ 24 ಗುಂಟೆಯಷ್ಟು ಜಾಗ ಸಾಕಾಗುತ್ತದೆ. ಹೊಸಬರಿಗೆ ಚಿಕ್ಕ ಅಂಕಣವೇ ಮೇಲು. ಪ್ರತಿಯೊಬ್ಬರಿಗೂ ಚೆಂಡು ಹೆಚ್ಚು ಬಾರಿ ಸಿಗುತ್ತದೆ.

ಉತ್ತರ ಬೆಂಗಳೂರಿನಲ್ಲಿ ಈಗ ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ದೊರೆಯುವ ಕೃತಕ ಹುಲ್ಲಿನ ಅಂಗಣಗಳು ಬೀದಿಬೀದಿಗೂ ಕಾಣುತ್ತವೆ. ಯಲಹಂಕದ ಬಳಿಯ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರದಂತಹ ಸುಸಜ್ಜಿತ ತಾಣವೂ ಇದೆ. ಆದರೆ ಇವು ಶುಲ್ಕ ಕೊಟ್ಟು ಆಡುವ ಸ್ಥಳಗಳು. ಬಾಡಿಗೆ ಅಂಗಣಗಳಿಗೆ ಬೇಡಿಕೆ ಇರುವುದು ಸಂಜೆ ಆರರ ನಂತರ. ಆ ಹೊತ್ತು ಯುವಕರಿಗೆ ಅನುಕೂಲ. ಮನೆಗೆ ಬೇಗ ತಲುಪಬೇಕಾದ ಯುವತಿಯರಿಗೆ ಅನನುಕೂಲ. ಬೆಳಗಿನ ಮತ್ತು ಮಧ್ಯಾಹ್ನದ ಖಾಲಿ ಗಂಟೆಗಳನ್ನು ಕಾಲೇಜುಗಳು ಕಡಿಮೆ ದರಕ್ಕೆ ಒಟ್ಟಾಗಿ ಗೊತ್ತುಮಾಡಿಕೊಳ್ಳುವುದು ಕಷ್ಟದ ಕೆಲಸವಲ್ಲ.

ಪಠ್ಯಕ್ರಮ ಮತ್ತು ಹಾಜರಾತಿ

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2022ರ ಪಠ್ಯಯೋಜನೆಯಲ್ಲಿ ಮೂರನೆಯಿಂದ ಆರನೆಯ ಸೆಮಿಸ್ಟರ್‌ವರೆಗೆ ರಾಷ್ಟ್ರೀಯ ಸೇವಾ ಯೋಜನೆ, ದೈಹಿಕ ಶಿಕ್ಷಣ, ಯೋಗ ಇವುಗಳಲ್ಲಿ ಒಂದನ್ನು ಕಡ್ಡಾಯವಾಗಿ ಆರಿಸಿಕೊಳ್ಳಬೇಕು. ಇದಕ್ಕೆ ಕ್ರೆಡಿಟ್ ಇಲ್ಲ, ಆದರೆ ತೇರ್ಗಡೆಯಾಗದೆ ಪದವಿಯೂ ಇಲ್ಲ. ಇನ್ನೊಂದು ಕಡೆ ಅದೇ ವಿಶ್ವವಿದ್ಯಾಲಯ ಶೇಕಡ 85 ಹಾಜರಾತಿಯನ್ನು ನಿರೀಕ್ಷಿಸುತ್ತದೆ. ಪಂದ್ಯಾವಳಿಗೆ ಹೋದ ದಿನಗಳ ಗೈರುಹಾಜರಿಯನ್ನು ಮನ್ನಿಸುವುದು ಪ್ರಾಂಶುಪಾಲರ ಔದಾರ್ಯವನ್ನು ಅವಲಂಬಿಸಿರುತ್ತದೆ. ತಪ್ಪಿದ ಪ್ರಯೋಗಾಲಯದ ತರಗತಿಯನ್ನು ಮತ್ತೆ ನಡೆಸುವುದು ಆಯಾ ಅಧ್ಯಾಪಕರ ಔದಾರ್ಯವನ್ನು. ಹೀಗಿದ್ದರೂ ಕಡ್ಡಾಯ ದೈಹಿಕ ಶಿಕ್ಷಣದ ಗಂಟೆ ವೇಳಾಪಟ್ಟಿಯಲ್ಲಿದೆ ಎಂಬುದು ಸಣ್ಣ ಸಂಗತಿಯಲ್ಲ. ತರಗತಿಯ ಅವಧಿಯಲ್ಲೇ ಇರುವ ಈ ಗಂಟೆಗೆ ಮನೆಯವರ ವಿಶೇಷ ಅನುಮತಿ ಬೇಕಿಲ್ಲ, ಕಾಲೇಜು ಬಸ್ಸೂ ತಪ್ಪುವುದಿಲ್ಲ. ವಿದ್ಯಾರ್ಥಿನಿಯರಿಗೆ ಕಾಲ್ಚೆಂಡಿನ ಮೊದಲ ಪಾಠ ಹೇಳಿಕೊಡಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದು ಕಷ್ಟ.

ಅಮೆರಿಕದ ಸಣ್ಣ ಕಾಲೇಜುಗಳೊಡನೆ ಹೋಲಿಕೆ

ಸಣ್ಣ ಕಾಲೇಜೊಂದು ಪುರುಷರ ಮತ್ತು ಮಹಿಳೆಯರ ಎರಡೂ ತಂಡಗಳನ್ನು ಸಮಾನವಾಗಿ ನಡೆಸುವ ವ್ಯವಸ್ಥೆಯ ಪ್ರಸಿದ್ಧ ಉದಾಹರಣೆ ಅಮೆರಿಕ ಸಂಯುಕ್ತ ಸಂಸ್ಥಾನ. ಅಲ್ಲಿ ಈ ಆಟಕ್ಕೆ ಸಾಕರ್ ಎಂದು ಹೆಸರು. ಅಲ್ಲಿನ ಕಾಲೇಜು ಕ್ರೀಡಾ ಸಂಘದ ಮೂರನೆಯ ವಿಭಾಗದಲ್ಲಿ ಸುಮಾರು 430 ಕಾಲೇಜುಗಳಿವೆ, ಅವುಗಳಲ್ಲಿ ಬಹಳಷ್ಟು ಗಾತ್ರದಲ್ಲಿ ಸಣ್ಣವು. ಈ ವಿಭಾಗದಲ್ಲಿ ಕ್ರೀಡೆಗಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆದ್ದರಿಂದ ಆಡುವವರು ಮೊದಲು ವಿದ್ಯಾರ್ಥಿಗಳು, ಆಮೇಲೆ ಆಟಗಾರರು. ಆಗಸ್ಟ್ ಕೊನೆಯಿಂದ ನವೆಂಬರ್‌ವರೆಗಿನ ಒಂದು ಋತುವಿನಲ್ಲಿ ಪ್ರತಿ ತಂಡ 15ರಿಂದ 20 ಪಂದ್ಯಗಳನ್ನು ನೆರೆಯ ಕಾಲೇಜುಗಳೊಡನೆ ಆಡುತ್ತದೆ. ಸೋತ ತಂಡವೂ ಮುಂದಿನ ಶನಿವಾರ ಮತ್ತೆ ಆಡುತ್ತದೆ.

ಇದು ತಾನಾಗಿ ಆದದ್ದಲ್ಲ. 1972ರಲ್ಲಿ ಜಾರಿಗೆ ಬಂದ ‘ಟೈಟಲ್ ನೈನ್’ ಕಾನೂನು ಕೇಂದ್ರ ಸರ್ಕಾರದ ಧನಸಹಾಯ ಪಡೆಯುವ ಶಿಕ್ಷಣ ಕಾರ್ಯಕ್ರಮಗಳಲ್ಲಿ ಲಿಂಗತಾರತಮ್ಯವನ್ನು ನಿಷೇಧಿಸಿತು. ಆ ವಾಕ್ಯದಲ್ಲಿ ಕ್ರೀಡೆ ಎಂಬ ಪದವೇ ಇಲ್ಲ. ಆದರೂ ಅದರ ಬಹುದೊಡ್ಡ ಫಲ ಕಂಡದ್ದು ಮೈದಾನದಲ್ಲಿ. ಆ ಮೊದಲು ಅಲ್ಲಿನ ಪ್ರೌಢಶಾಲೆಗಳಲ್ಲಿ ಕ್ರೀಡೆಗಿಳಿದ ಹುಡುಗಿಯರು 3 ಲಕ್ಷಕ್ಕಿಂತ ಕಡಿಮೆ; ಈಗ 30 ಲಕ್ಷಕ್ಕೂ ಹೆಚ್ಚು. 1982ರಲ್ಲಿ ಆ ಸಂಘದ ಮಹಿಳಾ ಸಾಕರ್ ಚಾಂಪಿಯನ್‌ಷಿಪ್ ಆರಂಭವಾಗಿ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯ ಅದನ್ನು ಗೆದ್ದಿತು. ಒಂಬತ್ತೇ ವರ್ಷಗಳ ನಂತರ, 1991ರಲ್ಲಿ, ಮೊದಲ ಮಹಿಳಾ ವಿಶ್ವಕಪ್ಪನ್ನು ಅಮೆರಿಕ ಗೆದ್ದಾಗ ರಾಷ್ಟ್ರೀಯ ತಂಡದ ತರಬೇತುದಾರರಾಗಿದ್ದವರು ಅದೇ ವಿಶ್ವವಿದ್ಯಾಲಯದ ಆನ್ಸನ್ ಡೊರಾನ್ಸ್. ಆ ದೇಶದ ಮಹಿಳಾ ಆಟ ಕ್ಲಬ್‌ಗಳಿಗಿಂತ ಮೊದಲು ಕಾಲೇಜುಗಳಲ್ಲಿ ಬೆಳೆಯಿತು.

ನಮ್ಮಲ್ಲಿ ಅಂತಹ ಕಾನೂನೂ ಇಲ್ಲ, ಅಷ್ಟು ಶುಲ್ಕ ವಸೂಲು ಮಾಡುವ ಸಣ್ಣ ಕಾಲೇಜುಗಳೂ ಇಲ್ಲ. ಆ ವ್ಯವಸ್ಥೆಯನ್ನು ಹಾಗೆಯೇ ಎತ್ತಿ ತರುವ ಮಾತು ಅಸಂಬದ್ಧ. ಆದರೆ ವಿದ್ಯಾರ್ಥಿನಿಯರ ಸಂಖ್ಯೆಯ ಮಟ್ಟಿಗೆ ನಾವು ಬಡವರಲ್ಲ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಉನ್ನತ ಶಿಕ್ಷಣ ಪಡೆಯುತ್ತಿದ್ದ 4.33 ಕೋಟಿ ವಿದ್ಯಾರ್ಥಿಗಳಲ್ಲಿ 2.07 ಕೋಟಿ ಮಹಿಳೆಯರು. ತರಗತಿಯಲ್ಲಿ ಸಮಬಲ ಬಂದಾಗಿದೆ. ಮೈದಾನದಲ್ಲಿ ಅದರ ಸುಳಿವಿಲ್ಲ.

ಪದವಿಯ ಆಚೆಗಿನ ಅವಕಾಶಗಳು

ಪುರುಷರಿಗೆ ಬೆಂಗಳೂರಿನ ಸೂಪರ್ ಡಿವಿಷನ್ ಮತ್ತು ಅದರ ಕೆಳಗಿನ ವಿಭಾಗಗಳು ಹಿಂದಿನಿಂದಲೂ ಇವೆ. ಮಹಿಳೆಯರಿಗೆ ಇಂಡಿಯನ್ ವಿಮೆನ್ಸ್ ಲೀಗ್ 2016–17ರಲ್ಲಿ ಆರಂಭವಾಯಿತು. ರಾಜ್ಯಮಟ್ಟದ ಮಹಿಳಾ ಲೀಗ್ ಅದಕ್ಕೂ ಈಚಿನದು. ಕಿಕ್‌ಸ್ಟಾರ್ಟ್, ಪರಿಕ್ರಮ, ಮಿಸಾಕ ಯುನೈಟೆಡ್‌ನಂತಹ ಬೆಂಗಳೂರಿನ ಕ್ಲಬ್‌ಗಳು ಮಹಿಳಾ ತಂಡಗಳನ್ನು ಕಟ್ಟಿವೆ. ಕಿಕ್‌ಸ್ಟಾರ್ಟ್ 2022–23ರ ರಾಷ್ಟ್ರೀಯ ಲೀಗಿನ ಅಂತಿಮ ಪಂದ್ಯ ತಲುಪಿ ಗೋಕುಲಂ ಕೇರಳ ತಂಡಕ್ಕೆ ಸೋತಿತು. 2023ರಲ್ಲಿ ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟವು ಈ ಲೀಗಿನ ಪ್ರತಿ ಕ್ಲಬ್ ಕನಿಷ್ಠ ಹತ್ತು ಭಾರತೀಯ ಆಟಗಾರ್ತಿಯರಿಗೆ ವರ್ಷಕ್ಕೆ 3.2 ಲಕ್ಷ ರೂಪಾಯಿಗಿಂತ ಕಡಿಮೆಯಿಲ್ಲದ ಒಪ್ಪಂದ ನೀಡಬೇಕೆಂದು ನಿರ್ಧರಿಸಿತು. ದೊಡ್ಡ ಮೊತ್ತವಲ್ಲ. ಆದರೂ ಮಗಳು ಚೆಂಡಿನ ಹಿಂದೆ ಓಡಿ ಏನು ಗಳಿಸುತ್ತಾಳೆ ಎಂಬ ತಂದೆತಾಯಿಯರ ಪ್ರಶ್ನೆಗೆ ಮೊದಲ ಬಾರಿಗೆ ಅಂಕಿಯ ರೂಪದ ಉತ್ತರವೊಂದು ಸಿಕ್ಕಿತು.

2025ರ ಜುಲೈ 5ರಂದು ಭಾರತದ ಮಹಿಳಾ ತಂಡ ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿ 2026ರ ಏಷ್ಯಾ ಕಪ್ಪಿಗೆ ಅರ್ಹತೆ ಪಡೆಯಿತು. ಎರಡೂ ಗೋಲುಗಳನ್ನು ಸಂಗೀತಾ ಬಾಸ್ಫೋರ್ ಹೊಡೆದರು. ಅರ್ಹತಾ ಸುತ್ತನ್ನು ಆಡಿ ಗೆದ್ದು ಭಾರತ ಈ ಪಂದ್ಯಾವಳಿಗೆ ಪ್ರವೇಶಿಸಿದ್ದು ಇದೇ ಮೊದಲು. ಹೀಗೆ ಮೇಲಿನ ಹಂತ ಗಟ್ಟಿಯಾಗುತ್ತಿದೆ. ಪ್ರೌಢಶಾಲೆಗಳಲ್ಲಿ ಬಾಲಕಿಯರ ತಂಡಗಳು ನಿಧಾನವಾಗಿ ಕಾಣಿಸಿಕೊಳ್ಳುತ್ತಿವೆ. ನಡುವಿನ 18ರಿಂದ 22ರ ವಯಸ್ಸಿನ ಹಂತ, ಅಂದರೆ ಕಾಲೇಜು, ಇನ್ನೂ ಖಾಲಿಯಿದೆ.

ನೆರೆಕಾಲೇಜುಗಳ ಲೀಗ್

ಈ ಖಾಲಿ ಜಾಗವನ್ನು ತುಂಬಲು ವಿಶ್ವವಿದ್ಯಾಲಯದ ಪಂದ್ಯಾವಳಿಯನ್ನು ಬದಲಿಸಬೇಕಿಲ್ಲ. ಅದಕ್ಕೆ ಪೂರಕವಾಗಿ ನೆರೆಯ ಕಾಲೇಜುಗಳ ಲೀಗ್ ಒಂದು ಬೇಕು. ಯಲಹಂಕ, ರಾಜಾನುಕುಂಟೆ, ದೊಡ್ಡಬಳ್ಳಾಪುರ ರಸ್ತೆಯ ಎಂಟು ಕಾಲೇಜುಗಳು ಒಪ್ಪಿದರೆ ಪ್ರತಿ ತಂಡ ಉಳಿದ ಏಳರೊಡನೆ ಒಮ್ಮೆ ಆಡುವ ಲೀಗಿಗೆ 28 ಪಂದ್ಯಗಳು ಸಾಕು. ವಾರಕ್ಕೆ ನಾಲ್ಕರಂತೆ ಏಳು ಶನಿವಾರಗಳಲ್ಲಿ ಅದು ಮುಗಿಯುತ್ತದೆ. ಅದೇ ಎಂಟು ತಂಡಗಳು ನಾಕೌಟ್‌ನಲ್ಲಿ ಆಡುವುದು ಏಳೇ ಪಂದ್ಯ. ಮೊದಲ ವರ್ಷ ಮಹಿಳೆಯರ ವಿಭಾಗವನ್ನು ಏಳು ಮಂದಿಯ ಆಟವಾಗಿ ನಡೆಸಿದರೆ ತಂಡಕ್ಕೆ ಹತ್ತು ಹನ್ನೆರಡು ವಿದ್ಯಾರ್ಥಿನಿಯರು ಸಾಕು, ಅರ್ಧ ಮೈದಾನವೂ ಸಾಕು. ತಂಡ ಕಟ್ಟಲಾಗದ ಎರಡು ಕಾಲೇಜುಗಳು ಜೊತೆಗೂಡಿ ಆಡಲು ವಿಶ್ವವಿದ್ಯಾಲಯದ ಪಂದ್ಯಾವಳಿಯಲ್ಲಿ ಅವಕಾಶವಿಲ್ಲ. ಖಾಸಗಿ ಒಪ್ಪಂದದ ಲೀಗಿನಲ್ಲಿ ಅದಕ್ಕೆ ಅಡ್ಡಿಯಿಲ್ಲ. ಹಾಗೆ ಆದರೆ ಒಂಟಿಯಾಗಿ ಉಳಿದ ನುರಿತ ಆಟಗಾರ್ತಿಗೂ ಜೊತೆಗಾರ್ತಿಯರು ದೊರೆಯುತ್ತಾರೆ.

ಖರ್ಚು ಮುಖ್ಯವಾಗಿ ನಾಲ್ಕು ಬಾಬತ್ತಿನದು: ತೀರ್ಪುಗಾರರ ಸಂಭಾವನೆ, ಚೆಂಡು, ಪ್ರಥಮ ಚಿಕಿತ್ಸೆ, ಕಾಲೇಜು ಬಸ್ಸಿನ ಶನಿವಾರದ ಇಂಧನ. ಇವುಗಳಲ್ಲಿ ಬಸ್ಸು ಈಗಾಗಲೇ ಇದೆ. ಉಳಿದದ್ದು ಎಂಟು ಕಾಲೇಜುಗಳು ಹಂಚಿಕೊಂಡರೆ ಒಂದು ವಾರ್ಷಿಕೋತ್ಸವದ ವೇದಿಕೆಯ ಅಲಂಕಾರಕ್ಕೆ ತಗಲುವಷ್ಟೂ ಆಗಲಾರದು. ಬಸ್ಸು ಬೆಳಿಗ್ಗೆ ಎಂಟಕ್ಕೆ ಹೊರಟರೆ ಮಧ್ಯಾಹ್ನ ಒಂದಕ್ಕೆ ವಿದ್ಯಾರ್ಥಿನಿಯರು ಮನೆ ಸೇರಿರುತ್ತಾರೆ.